ಕಬ್ಬಿನ ಗದ್ದೆ ಬದಿಯಲ್ಲಿ ಸ್ಪ್ಯಾನಿಷ್ ಪಾಠ

ಕಬ್ಬಿನ ಸೋಗೆ ಸರಕ್ಕೆಂದಿತು. ಗಾಳಿ ಇರಲಿಲ್ಲ. ನನ್ನ ಬಾಯಿಗೆ ಬಂದಿದ್ದ ‘ಆಬ್ಲಾಮೋಸ್’ ಅಲ್ಲೇ ನಿಂತುಹೋಯಿತು.

ಹಳೇಕೋಟೆ ಕಡೆ ಚಿರತೆ ಕಾಣಿಸಿಕೊಂಡಾಗಿನಿಂದ ಸಂಜೆ ಹೊತ್ತು ನಮ್ಮಲ್ಲಿ ಯಾರೂ ಸುಮ್ಮನೆ ನಡೆಯುವುದಿಲ್ಲ. ಕೆಮ್ಮುತ್ತಾರೆ, ಇಲ್ಲವೇ ಮೊಬೈಲಿನಲ್ಲಿ ಹಾಡು ಹಾಕುತ್ತಾರೆ. ನನ್ನ ಮೊಬೈಲ್ ಸತ್ತಿತ್ತು. ಹೊಳೆನರಸೀಪುರದ ಬಸ್ಸಿಳಿದವಳು, ಮರುದಿನದ ಆನ್‌ಲೈನ್ ಮೌಖಿಕ ಪರೀಕ್ಷೆಗೆ ಉರು ಹೊಡೆದಿದ್ದ ಸ್ಪ್ಯಾನಿಷ್ ಕ್ರಿಯಾಪದವನ್ನೇ ಗಟ್ಟಿಯಾಗಿ ಒಪ್ಪಿಸುತ್ತ ಬರುತ್ತಿದ್ದೆ. ಆಬ್ಲೊ, ಆಬ್ಲಾಸ್, ಆಬ್ಲಾ. ನಾನು ಮಾತಾಡುತ್ತೇನೆ, ನೀನು ಮಾತಾಡುತ್ತೀಯ, ಅವಳು ಮಾತಾಡುತ್ತಾಳೆ. ‘ನಾವು ಮಾತಾಡುತ್ತೇವೆ’ ಅನ್ನುವಷ್ಟರಲ್ಲಿ ಈ ಸದ್ದು. ನಿಂತುಬಿಟ್ಟೆ. ಸೋಗೆಯೊಳಗೆ ಏನೋ ಉಸಿರಾಡುತ್ತಿತ್ತು.

“ಯಾಕವ್ವ ನಿಲ್ಲುಸ್ಬುಟ್ಟೆ? ಬಾಯ್ ಮುಚ್ಬ್ಯಾಡ ಕಣವ್ವ!”

ಹಿಂದಿನಿಂದ ಹುಲ್ಲಿನ ಹೊರೆ ಹೊತ್ತು ಬಂದವರು ಪಕ್ಕದ ಮನೆಯ ನಿಂಗಮ್ಮಜ್ಜಿ. “ಅದೇನೋ ಏಳ್ತಿದ್ಯಲ್ಲ, ಅದ್ನೇ ಏಳು. ನಾನೂವೆ ಏಳ್ತೀನಿ.”

“ಆಬ್ಲಾಮೋಸ್” ಎಂದೆ. “ಆಬ್ಲಾಮೋಸ್!” ಎಂದು ಅಜ್ಜಿ ಹೊಲ ನಡುಗುವಂತೆ ಕೂಗಿದರು. ಊರಿನ ಮೊದಲ ದೀಪದ ಕಂಬ ಸಿಗುವವರೆಗೂ ನಮಗಿದ್ದದ್ದು ಅದೊಂದೇ ಮಾತು. ಇಬ್ಬರೂ ತಿರುಗಿ ನೋಡಲಿಲ್ಲ.

ಬೆಳಿಗ್ಗೆ ದಾರಿಯ ಮಣ್ಣಿನಲ್ಲಿ ನಮ್ಮಿಬ್ಬರ ಹೆಜ್ಜೆಗಳ ಮೇಲೆಯೇ ಪಂಜದ ಗುರುತುಗಳಿದ್ದವು, ಅದೇ ದೀಪದ ಕಂಬದವರೆಗೂ. ಪರೀಕ್ಷೆಯಲ್ಲಿ ಮೊದಲ ಮೂರು ರೂಪಗಳನ್ನು ಸರಾಗ ಒಪ್ಪಿಸಿದೆ. ‘ಆಬ್ಲಾಮೋಸ್’ ಎಂದವಳು, ಹಿಂದೆ ಅಜ್ಜಿಯ ದನಿ ಏಳಲಿಲ್ಲವಲ್ಲ ಎಂದು ಬೆಚ್ಚಿ ತಿರುಗಿ ನೋಡಿಬಿಟ್ಟೆ.