ನಿಲುಗನ್ನಡಿಯ ಚೌಕಟ್ಟಿಗೆ ಒಂದು ಕಾರು

ಫಿಲಂ ಸುರುಳಿ ತಿರುಗದೆ ಹನ್ನೆರಡು ಚಿತ್ರಗಳೂ ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾಗಬಹುದು. ನನ್ನ ಹೆಬ್ಬೆರಳು ಮಸೂರಕ್ಕೆ ಅಡ್ಡ ಬಂದು, ಕಾರಿನ ಬದಲು ಅದರದೇ ಭವ್ಯವಾದ ಭಾವಚಿತ್ರ ಮೂಡಬಹುದು. ಗುಂಡಿ ಒತ್ತುವ ಕ್ಷಣಕ್ಕೇ ಎಮ್ಮೆಯೊಂದು ಅಡ್ಡ ಹಾಯಬಹುದು. ಹಾಯದಿದ್ದರೆ ಮೋಡ ಕವಿಯಬಹುದು. ಮೋಡವೂ ಕವಿಯದಿದ್ದರೆ ಬಿಸಿಲು ಕಾರಿನ ಗಾಜಿಗೆ ಬಡಿದು ಚಿತ್ರದ ನಟ್ಟನಡುವೆ ಎರಡನೆಯ ಸೂರ್ಯೋದಯವಾಗಬಹುದು. ಹ್ಯಾಂಡ್‌ಬ್ರೇಕ್ ಸಡಿಲವಾಗಿ ಕಾರು ತಾನಾಗಿಯೇ ನನ್ನತ್ತ ಉರುಳಿ ಬರುತ್ತಿದ್ದರೂ, ಕ್ಯಾಮೆರಾದ ಕಿಂಡಿಯಲ್ಲಿ ಇಣುಕುತ್ತಿರುವ ನಾನು ‘ಆಹಾ, ಈಗ ಚಿತ್ರ ತುಂಬಿಕೊಳ್ಳುತ್ತಿದೆ’ ಎಂದು ಕೊನೆಯ ಗಳಿಗೆಯವರೆಗೂ ಹಿಗ್ಗುತ್ತಿರಬಹುದು. ಇಷ್ಟೆಲ್ಲ ಗಂಡಾಂತರಗಳನ್ನು ದಾಟಿ ಚಿತ್ರ ಬಂದಿತೆನ್ನಿ, ನೆಗೆಟಿವನ್ನು ಇಲಿ ತಿನ್ನಬಹುದು.

ಅತಿಯಾಯಿತೆಂದು ನಗಬೇಡಿ. ಸಾಗರದ ಹೈಸ್ಕೂಲಿನಲ್ಲಿ ಇಪ್ಪತ್ತು ವರ್ಷಗಳಿಂದ ಭೂಗೋಳ ಪಾಠ ಮಾಡುತ್ತಿರುವ ನನಗೆ ಭೂಕಂಪ, ಜ್ವಾಲಾಮುಖಿ, ಪ್ರವಾಹಗಳ ಸಹವಾಸ ದಿನನಿತ್ಯದ್ದು. ನಾಳೆ ಏನು ಕೆಡುತ್ತದೆಂದು ಇಂದೇ ಯೋಚಿಸಿ ಮುಗಿಸಿಟ್ಟರೆ ಒಂದು ಬಗೆಯ ನೆಮ್ಮದಿ. ನನ್ನ ಹೆಂಡತಿ ಮಾತ್ರ, ಚಿಂತೆಗೆ ಏನೂ ಸಿಗದ ದಿನ ನಾನು ಊಟ ಕಡಿಮೆ ಮಾಡುತ್ತೇನೆಂದು ನೆಂಟರೆದುರು ಹೇಳಿಕೊಂಡು ಬರುತ್ತಾಳೆ. ಇಂಥವನ ಕೈಗೆ, ವರ್ಗವಾಗಿ ಹೋಗುತ್ತಿದ್ದ ಹೆಡ್ಮಾಸ್ತರರು ತಮ್ಮ ಹಳೆಯ ಪೆಟ್ಟಿಗೆ ಕ್ಯಾಮೆರಾ ಕೊಟ್ಟು ಹೋದದ್ದು, ನಾನು ಅದರಲ್ಲಿ ಎರಡು ಸೂರ್ಯಾಸ್ತ ಮತ್ತು ಒಂದು ಸ್ಕೌಟ್ ತಂಡವನ್ನು ಸೆರೆಹಿಡಿದು ಊರಿನಲ್ಲಿ ‘ಫೋಟೋ ಮೇಷ್ಟ್ರು’ ಎನ್ನಿಸಿಕೊಂಡದ್ದು, ಈ ಕಥೆಯ ಹಿನ್ನೆಲೆ.

ಮುನ್ನೆಲೆಗೆ ಬರುವವನು ಚೌಡಪ್ಪ. ನಮ್ಮ ಬೀದಿಯವನು, ಬಸ್ ಸ್ಟ್ಯಾಂಡಿನ ಎದುರು ಬಾಡಿಗೆ ಕಾರು ನಿಲ್ಲಿಸಿಕೊಂಡು ಜೋಗಕ್ಕೆ ಹೋಗುವವರನ್ನು ಕಾಯುವುದು ಅವನ ಉದ್ಯೋಗ. ಕಾರು ಹಳೆಯದು, ಕಪ್ಪು ಬಣ್ಣದ್ದು, ಗೂನು ಬೆನ್ನಿನದು. ಆದರೆ ಚೌಡಪ್ಪ ಅದನ್ನು ತೊಳೆದು ಒರೆಸಿ ಇಟ್ಟಿರುತ್ತಿದ್ದ ರೀತಿಗೆ ನೊಣ ಕೂತರೆ ಜಾರಬೇಕು. ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸ್ಟ್ಯಾಂಡಿಗೆ ಹಾಲಿನ ಬಣ್ಣದ ಹೊಸ ಕಾರೊಂದು ಬಂದು ನಿಂತಿತು. ಪ್ರವಾಸಿಗಳೆಲ್ಲ ಅದರ ಸುತ್ತ ಸೇರತೊಡಗಿದರು. ಚೌಡಪ್ಪ ಬೆಳಗಿನಿಂದ ಸಂಜೆಯವರೆಗೆ ತನ್ನ ಕಾರನ್ನು ಒರೆಸುತ್ತ ಕೂರುವಂತಾಯಿತು.

“ಈ ಸೀಸನ್ ಹೀಂಗೇ ಹೋದ್ರೆ ಗಾಡಿ ಮಾರಿ ಡ್ರೈವರಾಗಿ ಲಾರಿ ಹತ್ತೋದೇ ಮೇಷ್ಟ್ರೇ,” ಎಂದ ಒಂದು ದಿನ. “ತಿಂಗ್ಳಿಗೊಂದ್ಸಲ ಮನೆಗೆ ಬರೋ ಬಾಳು ಅದು.”

ಪರಿಹಾರವನ್ನು ಅವನೇ ಕಂಡುಕೊಂಡಿದ್ದ. ಹೊರಗಿನಿಂದ ಬಂದವರೆಲ್ಲ ಮೊದಲು ನುಗ್ಗುವುದು ಸ್ಟ್ಯಾಂಡಿನ ಪಕ್ಕದ ಉಡುಪರ ಹೋಟೆಲಿಗೆ. ಅಲ್ಲಿ ಕೈತೊಳೆಯುವ ಜಾಗದ ಮೇಲೆ ತನ್ನ ಕಾರಿನ ದೊಡ್ಡ ಫೋಟೋ ತೂಗಿದರೆ, ದೋಸೆ ತಿಂದು ಕೈತೊಳೆಯುವವರ ಕಣ್ಣಿಗೆ ಅದು ಬೀಳದೆ ಎಲ್ಲಿಗೆ ಹೋದೀತು? ಜಾಹೀರಾತುಶಾಸ್ತ್ರದ ಈ ಸೂಕ್ಷ್ಮವನ್ನು ಉಡುಪರೂ ಒಪ್ಪಿದರು, ಒಂದು ಷರತ್ತಿನ ಮೇಲೆ. ಅಲ್ಲಿ ಹಿಂದೆ ಇದ್ದ ನಿಲುಗನ್ನಡಿ ಒಡೆದು, ಅದರ ಬೀಟೆಯ ಚೌಕಟ್ಟು ಮಾತ್ರ ಗೋಡೆಗೆ ಅಂಟಿಕೊಂಡಿತ್ತು. ಎರಡಡಿಗೂ ಮಿಕ್ಕಿದ ಎತ್ತರ, ಅಗಲ ಒಂದಡಿಯೂ ಇಲ್ಲ.

“ಇದಕ್ಕೆ ಸರಿಯಾಗುವ ಫೋಟೋ ತನ್ನಿ ಮಾರಾಯ್ರೇ, ಹಾಕುವ. ಗೋಡೆಗೆ ಇನ್ನೊಂದು ಮೊಳೆ ಮಾತ್ರ ನಾನು ಹೊಡೆಸುವುದಿಲ್ಲ,” ಎಂದರು ಉಡುಪರು.

“ಕಾರು ಅಡ್ಡಕ್ಕಿರುವ ವಸ್ತು, ಉಡುಪರೇ. ಚೌಕಟ್ಟು ಉದ್ದಕ್ಕಿದೆ,” ಎಂದೆ.

“ಅದೆಂತದೋ ನನಗೆ ಗೊತ್ತಿಲ್ಲ. ನೀವು ಕಲಿತವರು.”

ಕಲಿತವನೆಂಬ ಆರೋಪಕ್ಕೆ ಗುರಿಯಾದ ಮೇಲೆ ಹಿಂಜರಿಯುವುದು ಹೇಗೆ? ಮುಂದಿನ ಭಾನುವಾರವೇ ನಮ್ಮ ಬೀದಿಯಲ್ಲಿ ಮೊದಲ ಸುರುಳಿ ಮುಗಿಯಿತು. ಕಾರಿನ ಪಕ್ಕದಲ್ಲಿ ಚೌಡಪ್ಪ, ಅವನ ಹೆಂಡತಿ ಗಂಗಮ್ಮ ನಿಂತರು. ಮಗಳ ಮನೆಗೆ ಬಂದಿದ್ದ ಗಂಗಮ್ಮನ ತಾಯಿಯೂ ಬಂದು ನಿಂತರು. ಮೂವರು ಕೂಡಿ ಫೋಟೋ ತೆಗೆಸಿಕೊಂಡರೆ ಒಬ್ಬರಿಗೆ ಕೇಡೆಂಬ ನಂಬಿಕೆ ನಮ್ಮ ಕಡೆ ಎಷ್ಟು ಬಲವಾಗಿದೆಯೆಂದು ನಿಮಗೆ ಗೊತ್ತೇ ಇದೆ. ನಾಲ್ಕನೆಯವರಾಗಿ ಪಕ್ಕದ ಮನೆಯ ಅಜ್ಜನನ್ನು ಕರೆದರು. ಅಜ್ಜನನ್ನು ಕರೆದು ತಮ್ಮನ್ನು ಬಿಟ್ಟರೆಂದು ಎದುರು ಮನೆಯವರು ಮುನಿಯದಿರಲೆಂದು ಅವರನ್ನೂ ಕರೆದರು. ನನ್ನ ಕ್ಯಾಮೆರಾದ ಕಿಂಡಿಯಲ್ಲಿ ಎಡ ಬಲವಾಗಿಯೂ ಬಲ ಎಡವಾಗಿಯೂ ಕಾಣುತ್ತಿದ್ದುದರಿಂದ, ನಾನು ಅತ್ತ ಸರಿಯಿರಿ ಎಂದರೆ ಅವರು ಸರಿದು, ಸರಿದಷ್ಟೂ ಕಾರನ್ನು ಇನ್ನಷ್ಟು ಮರೆಮಾಡಿದರು. ಪ್ರತಿಗಳು ಬಂದಾಗ ಚೌಡಪ್ಪ ಒಂದೊಂದನ್ನೂ ತಿರುವಿ ನೋಡಿದ.

“ನಮ್ಮ ಬೀದಿ ಪೂರಾ ಬಂದೈತೆ ಮೇಷ್ಟ್ರೇ. ಗಾಡಿ ಒಂದು ಬಿಟ್ಟು.”

ಗಾಡಿ ಬಂದಿದ್ದ ಒಂದೇ ಚಿತ್ರದಲ್ಲಿ ಅದರ ಚಾವಣಿಯ ಮೇಲೊಂದು ವಿದ್ಯುತ್ ಕಂಬ ಕೊಂಬಿನಂತೆ ಎದ್ದಿತ್ತು. ನೇರ ಎದುರಿನಿಂದ ತೆಗೆದಿದ್ದರಿಂದ, ಆ ಬಡಪಾಯಿ ಕಾರು ಮಳೆಗೆ ಕಾದ ಕಪ್ಪೆಯಂತೆ ನಮ್ಮನ್ನೇ ದಿಟ್ಟಿಸುತ್ತಿತ್ತು.

ಆಗ ನನ್ನನ್ನು ತಿದ್ದಿದವನು ಸ್ಟುಡಿಯೋ ರಂಗಣ್ಣ. ಮದುವೆ ಹೆಣ್ಣುಗಳನ್ನು ಕೂರಿಸಿ ಪಳಗಿದ ಅವನಿಗೆ ಕಾರೂ ಒಂದು ಮದುವೆ ಹೆಣ್ಣೇ. ನೇರವಾಗಿ ಎದುರು ನಿಲ್ಲಬೇಡಿ, ಮೂಲೆಯಿಂದ ನೋಡಿ, ಮುಖವೂ ಮೈಯೂ ಒಟ್ಟಿಗೆ ಕಾಣಲಿ. ನಿಂತು ತೆಗೆಯಬೇಡಿ, ಮಂಡಿಯೂರಿ. ಮುಂದಿನ ಚಕ್ರ ಕೊಂಚ ಹೊರಳಿರಲಿ. ಕಾರು ಯಾವ ಕಡೆ ನೋಡುತ್ತದೋ ಆ ಕಡೆ ಒಂದಿಷ್ಟು ಜಾಗ ಬಿಡಿ, ಇಲ್ಲದಿದ್ದರೆ ಗೋಡೆಗೆ ಹಣೆ ಚಚ್ಚಿಕೊಂಡಂತೆ ಕಾಣುತ್ತದೆ. ಹಿಂದೆ ಕಂಬ, ಮರ, ಅಜ್ಜ ಯಾವುದೂ ಬೇಡ. ಉಪದೇಶದ ಕೊನೆಗೆ ಬಡಗಿಯ ಮೂಲೆಮಟ್ಟದ ಆಕಾರಕ್ಕೆ ಕತ್ತರಿಸಿದ ಎರಡು ರಟ್ಟಿನ ತುಂಡು ಕೊಟ್ಟ. ಅವೆರಡನ್ನೂ ಚಿತ್ರದ ಮೇಲೆ ಎದುರುಬದುರಾಗಿಟ್ಟು ಹಿಂದೆ ಮುಂದೆ ಸರಿಸಿದರೆ, ಎಷ್ಟು ಉಳಿಸಬೇಕು ಎಷ್ಟು ಕತ್ತರಿಸಬೇಕು ಎಂಬುದು ಕಣ್ಣಿಗೇ ಗೊತ್ತಾಗುತ್ತದಂತೆ. ನಾನು ಅವನ್ನು ಮನೆಗೆ ತಂದು ಪಂಚಾಂಗದ ಮೇಲೆ, ಗೋಡೆಯ ಗುಂಪುಫೋಟೋಗಳ ಮೇಲೆ, ಕೊನೆಗೆ ಮಲಗಿದ್ದ ಬೆಕ್ಕಿನ ಮೇಲೆ ಇಟ್ಟು ನೋಡಿದೆ. ಲೋಕದಲ್ಲಿ ಕತ್ತರಿಸಿದರೆ ಸುಧಾರಿಸದ ವಸ್ತುವೇ ಇಲ್ಲವೆಂಬ ನಿರ್ಣಯಕ್ಕೆ ಬಂದೆ. ಹೆಂಡತಿ ಇದಕ್ಕೆ ನನ್ನ ಭಾಷಣಗಳ ಉದಾಹರಣೆ ಕೊಟ್ಟಳು.

ಎರಡನೆಯ ಸುರುಳಿಗೆ ಅವಕಾಶ ತಾನಾಗಿ ಒದಗಿತು. ತೀರ್ಥಹಳ್ಳಿಗೆ ಒಂದು ಸಂಸಾರವನ್ನು ಬಿಟ್ಟು ಬರುವ ಬಾಡಿಗೆ ಚೌಡಪ್ಪನಿಗೆ ಸಿಕ್ಕಿತು. ಮುಂದಿನ ಸೀಟಿನಲ್ಲಿ ಕ್ಯಾಮೆರಾವನ್ನು ಹಸುಗೂಸಿನಂತೆ ಅಪ್ಪಿಕೊಂಡು ನಾನೂ ಹೊರಟೆ. ಹೊಸನಗರದಲ್ಲಿ ಕಾರಿಗೆ ನೀರು, ನಮಗೆ ಕಾಫಿ. ತೀರ್ಥಹಳ್ಳಿಯಲ್ಲಿ ಸಂಸಾರವನ್ನು ಇಳಿಸಿದ ಮೇಲೆ ತುಂಗೆಯ ದಡಕ್ಕಿಳಿಯುವ ಹಾದಿಯಲ್ಲಿ ಕಾರು ನಿಲ್ಲಿಸಿದೆವು. ಮಳೆ ಬಿಟ್ಟು ಹದಿನೈದು ದಿನವಾಗಿತ್ತು. ಹೊಳೆ ತಿಳಿಯಾಗಿ ಬಂಡೆಗಳ ನಡುವೆ ಹರಿಯುತ್ತಿತ್ತು. ಅದರ ಮೇಲೆ ಸೇತುವೆಯ ಕಮಾನುಗಳು, ಆಚೆ ಗುಡ್ಡ, ಗುಡ್ಡದ ಮೇಲೆ ನಿಧಾನ ಹೊರಟಿದ್ದ ಬಿಳಿ ಮೋಡ. ನಾನು ಇದಾವುದನ್ನೂ ನೋಡಲಿಲ್ಲ. ಹಾದಿ ಇಳಿಜಾರಾಗಿತ್ತು, ನನ್ನ ಧ್ಯಾನವೆಲ್ಲ ಹ್ಯಾಂಡ್‌ಬ್ರೇಕಿನ ಮೇಲಿತ್ತು. ಚೌಡಪ್ಪ ನಾಲ್ಕೂ ಚಕ್ರಗಳಿಗೆ ಕಲ್ಲು ಕೊಟ್ಟ ಮೇಲೂ ನಾನು ಹಿಂದೆ ಹಿಂದೆ ಸರಿದು, ಕಾರು ಉರುಳಿದರೂ ತಲುಪದಷ್ಟು ದೂರದ ಬಂಡೆಯ ಮರೆಯಲ್ಲಿ ಮಂಡಿಯೂರಿದೆ.

“ಅಷ್ಟು ದೂರ ಎಂತಕ್ಕೆ ಹೋದ್ರಿ? ಗಾಡಿ ಕಚ್ತದಾ?” ಎಂದು ಚೌಡಪ್ಪ ಕೂಗಿದ.

ಸಂಯೋಜನೆಗೆ ದೂರ ಬೇಕೆಂದು ಕೂಗಿ ಹೇಳಿದೆ. ಹನ್ನೆರಡೂ ಚಿತ್ರಗಳು ಬಂದವು. ಎಮ್ಮೆ ಬರಲಿಲ್ಲ, ಹೆಬ್ಬೆರಳು ಬರಲಿಲ್ಲ, ಎರಡನೆಯ ಸೂರ್ಯ ಹುಟ್ಟಲಿಲ್ಲ.

ಕತ್ತರಿಸುವ ಶುಭಕಾರ್ಯಕ್ಕೆ ಗಂಡಹೆಂಡಿರಿಬ್ಬರೂ ಸ್ಟುಡಿಯೋಗೆ ಬಂದರು. ನಾನು ರಟ್ಟುಗಳನ್ನು ಸರಿಸಿ, ಕಾರಿನ ಮುಖವಷ್ಟೇ ಚೌಕಟ್ಟು ತುಂಬುವಂತೆ, ಹಿಂಭಾಗ ಹೊರಗುಳಿಯುವಂತೆ ಇಟ್ಟು ತೋರಿಸಿದೆ. ನೋಡುವುದಕ್ಕೆ ಗಂಭೀರವಾಗಿತ್ತು. ಗಂಗಮ್ಮ ಹೌಹಾರಿದಳು.

“ಗಾಡಿ ಹಿಂಬದಿ ಕತ್ತರಿಸ್ತೀರಾ ಮೇಷ್ಟ್ರೇ! ಆಯುಧಪೂಜೆ ದಿನ ಮುಂದೂ ಹಿಂದೂ ಕುಂಕುಮ ಇಟ್ಟು ಆರತಿ ಎತ್ತಿದವಳು ನಾನು. ಮೊಂಡ ಮಾಡಿ ಗೋಡೆಗೆ ಹಾಕಿದ್ರೆ ಬಾಡಿಗೆ ಬರೋದು ಹಾಳಾಗ್ಲಿ, ಇರೋದೂ ಹೋಗ್ತದೆ!”

“ಚಿತ್ರದಲ್ಲಿ ಮಾತ್ರ ಕತ್ತರಿಸೋದಮ್ಮ,” ಎಂದ ರಂಗಣ್ಣ.

“ನಿಮ್ ಫೋಟೋ ಉದ್ದಕ್ಕೆ ಸೀಳಿ ಅರ್ಧ ಕೊಡ್ಲಾ, ಹಾಕ್ಕೋತೀರಾ ಮನೇಲಿ?”

ರಂಗಣ್ಣ ಕತ್ತರಿಯನ್ನು ಕೆಳಗಿಟ್ಟ. ಚೌಡಪ್ಪ ಹೆಂಡತಿಯ ಕಡೆಗೇ ವಾಲಿದ. ಲಾರಿ ಹತ್ತಬೇಕಾದವನು ಅವನು, ಇಂಥ ಅಪಶಕುನದ ಮಾತನ್ನು ತಳ್ಳಿಹಾಕುವ ಧೈರ್ಯ ಅವನಿಗಿರಲಿಲ್ಲ. ಕಾರಿಗೆ ಕೂದಲು ಕೊಂಕದಂತೆ ರಟ್ಟುಗಳನ್ನು ಇಟ್ಟುಕೊಂಡೆ. ಬಂಪರಿನಿಂದ ಬಂಪರಿನವರೆಗೆ ಅದು ಚೌಕಟ್ಟಿನ ಅಗಲಕ್ಕೆ ಹಿಡಿಸಿತು, ಅದು ನೋಡುವ ಕಡೆ ಎರಡು ಬೆರಳು ಜಾಗವೂ ಉಳಿಯಿತು. ಮೇಲಿನ ಮುಕ್ಕಾಲು ಪಾಲು ಎತ್ತರವನ್ನು ಏನಾದರೂ ತುಂಬಬೇಕಲ್ಲ. ಹೊಳೆ, ಕಮಾನು, ಗುಡ್ಡ, ಮೋಡ ತಾವಾಗಿ ತುಂಬಿದವು. ಅಷ್ಟು ದೊಡ್ಡ ಕಾಗದವನ್ನು ಶಿವಮೊಗ್ಗದಿಂದ ತರಿಸಿ ರಂಗಣ್ಣ ಚಿತ್ರವನ್ನು ಹಿಗ್ಗಿಸಿಕೊಟ್ಟ. ಬೀಟೆಯ ಚೌಕಟ್ಟಿನಲ್ಲಿ ಕೂತ ಮೇಲೆ ಉಡುಪರೇ ಗಲ್ಲಾ ಬಿಟ್ಟು ಎದ್ದು ಬಂದು ನೋಡಿದರು.

ಅಂದು ರಾತ್ರಿಯೂಟ ನನಗೆ ಸೇರಲಿಲ್ಲ; ಚಿಂತೆಗೆ ಏನೂ ಉಳಿದಿರಲಿಲ್ಲ. ಚಿತ್ರದಲ್ಲಿ ಯಾವುದನ್ನು ಉಳಿಸಬೇಕು ಎಂಬುದನ್ನು ಆರಿಸುವವರು ನಾವಷ್ಟೇ ಎಂದುಕೊಂಡಿದ್ದೆ. ನೋಡುವವರ ಕೈಯಲ್ಲೂ ಎರಡು ರಟ್ಟಿನ ತುಂಡುಗಳಿರುತ್ತವೆ, ಅವರು ತಮಗೆ ಬೇಕಾದ ಕಡೆ ಇಟ್ಟು ನೋಡುತ್ತಾರೆ ಎಂಬುದು ವಾರದ ಮೇಲೆ ತಿಳಿಯಿತು.

ಉಡುಪರ ಹೋಟೆಲಿನಲ್ಲಿ ಕೈತೊಳೆದವರೆಲ್ಲ ಚಿತ್ರದ ಮುಂದೆ ನಿಂತರು, ನಿಂತು, “ಇದು ಯಾವ ಊರು?” ಎಂದರು. ಉಡುಪರು ಸ್ಟ್ಯಾಂಡಿನತ್ತ ಬೆರಳು ತೋರಿಸಿ, ಆ ಕಪ್ಪು ಕಾರಿನವನಿಗೇ ಆ ಜಾಗ ಗೊತ್ತು ಎಂದರು. ಜೋಗ ನೋಡಿ ಬಂದವರು ಮರುದಿನಕ್ಕೆಂದು ಚೌಡಪ್ಪನನ್ನು ಗೊತ್ತುಮಾಡತೊಡಗಿದರು. ಬಿಳಿ ಕಾರು ಜೋಗದ ದಾರಿ ಹಿಡಿದರೆ, ಕಪ್ಪು ಕಾರು ಅದಕ್ಕೆ ಬೆನ್ನು ಹಾಕಿ ಹೊಸನಗರದ ಮೇಲಿಂದ ತೀರ್ಥಹಳ್ಳಿಗೆ ಹೊರಡುತ್ತಿತ್ತು. ಲಾರಿಯ ಮಾತು ನಿಂತುಹೋಯಿತು.

ಹದಿನೈದು ದಿನ ಬಿಟ್ಟು ಚೌಡಪ್ಪ ನಮ್ಮ ಜಗಲಿಗೆ ಬಂದು ಕೂತ. ಮುಖದಲ್ಲಿ ನಗು ಇತ್ತು, ಅದು ಪೂರ್ತಿ ಬಿಚ್ಚಿಕೊಂಡಿರಲಿಲ್ಲ.

“ಎಂತಾದ್ರೂ ಕೆಟ್ಟಿತೇನೋ?” ಎಂದೆ.

“ಕೆಟ್ಟಿದ್ದು ಎಂತ ಇಲ್ಲ. ನಿನ್ನೆ ಧಾರವಾಡದ ಕಡೆಯೋರನ್ನ ಕರ್ಕೊಂಡು ಹೋದ್ನಾ, ನೀವು ನಿಲ್ಸಿದ್ದ ಜಾಗದಲ್ಲೇ, ಒಂದು ಗೇಣು ಅತ್ಲಾಗಿತ್ಲಾಗೆ ಆಗ್ದಂಗೆ ನಿಲ್ಸಿದೆ. ಚಕ್ರಾನೂ ಹೊರಳಿಸಿಟ್ಟೆ. ಎಲ್ರೂ ಇಳಿದ್ರು. ಯಜಮಾನ್ರ ಹತ್ರ ಕ್ಯಾಮೆರಾ ಇತ್ತು. ನಾನು ಒಂದ್ಸಲ ಗಾಜು ಒರೆಸಿ, ಪಕ್ಕಕ್ಕೆ ಸರಿದು ನಿಂತೆ.”

“ಆಮೇಲೆ?”

“‘ಡ್ರೈವರೇ, ಆ ಗಾಡಿ ಒಂದೀಟು ಆಚೆ ತಗೀರಿ, ಫೋಟೋಕ್ಕ ಅಡ್ಡ ಬರ್ತದ’ ಅಂದ್ರು.”