ಕಾರ್ಡಿಗೇನೋ ಡ್ರೈವರ್ ಸಿಕ್ಕಿತು

ಹದಿನೈದು ದಿನದ ಹಿಂದೆ ಈ ಜಾಗದಲ್ಲಿ ನನ್ನ ಬದಲು ಸೋಪಿನ ಜಾಹೀರಾತು ಇತ್ತು. ಚೆನ್ನಾಗಿತ್ತು ಎಂದು ಇಬ್ಬರು ಓದುಗರು ಫೋನ್ ಮಾಡಿದ್ದರು.

ಆಗಿದ್ದಿಷ್ಟು. ಕಂಪ್ಯೂಟರಿನಿಂದ ವಿಂಡೋಸ್ ಕಿತ್ತು ಲಿನಕ್ಸ್ ಹಾಕಿಕೊಂಡೆ. (ಯಾಕೆ ಅಂತೀರಾ? ಹೊಸದಾಗಿ ಕಲಿತವನ ಹುಮ್ಮಸ್ಸು.) ಮಹಡಿ ಮೇಲಿರುವ ನಮ್ಮ ಓನರ್ ರಂಗೇಗೌಡರು, ಹಾಸನದ ಸಾಲಗಾಮೆ ಕಡೆಯವರು, ತಮ್ಮ ಬ್ರಾಡ್‌ಬ್ಯಾಂಡ್ ಹಂಚಿಕೊಳ್ಳಲು ಒಪ್ಪಿದರು. ಅದನ್ನು ಕೆಳಗಿನಿಂದಲೇ ಹಿಡಿಯಲು ವೈರ್‌ಲೆಸ್ ಕಾರ್ಡ್ ತಂದು ಸಿಕ್ಕಿಸಿದೆ. ಲಿನಕ್ಸ್ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

ಅಂಗಡಿಯವನನ್ನು ಕೇಳಿದರೆ, ‘ಲಿನಕ್ಸಾ? ಅದ್ಯಾವ್ ಕಂಪ್ನೀದು ಸಾ?’ ಎಂದ.

ಡ್ರೈವರ್ ಬೇಕಂತೆ. (ಬಸ್ಸಿನದಲ್ಲ, ಕಾರ್ಡನ್ನು ನಡೆಸುವ ತಂತ್ರಾಂಶ.) ಈ ಕಾರ್ಡಿಗೆ ಲಿನಕ್ಸಿನಲ್ಲಿ ಅಂಥದ್ದು ಇಲ್ಲ. ವಿಂಡೋಸ್‌ನ ಡ್ರೈವರನ್ನೇ ಕರೆತಂದು ದುಡಿಸಿಕೊಳ್ಳುವ ಪ್ರೋಗ್ರಾಂ ಒಂದಿದೆ. ಎಲ್ಲಿದೆ? ಇಂಟರ್‌ನೆಟ್ಟಿನಲ್ಲಿ! ಪೆನ್‌ಡ್ರೈವ್ ಹಿಡಿದು ನಾಲ್ಕು ದಿನ ಸೈಬರ್ ಕೆಫೆಗೆ ಅಲೆದೆ. ಅಲ್ಲಿಂದಲೇ ಅಂಕಣ ಕಳಿಸಬಹುದಿತ್ತಲ್ಲ ಎಂದಳು ಹೆಂಡತಿ. ಮಾನ ಬೇಡವೇ? ಲಿನಕ್ಸಿನ ಗುಣಗಾನವನ್ನು ಈ ಅಂಕಣದಲ್ಲೇ ಮಾಡಿದ್ದೆನಲ್ಲ!

ಹೋದ ಬುಧವಾರ ಕಾರ್ಡಿನ ದೀಪ ಹತ್ತಿತು. ಅವತ್ತು ಐದು ಗಂಟೆಯೊಳಗೆ ಅಂಕಣ ಬರದಿದ್ದರೆ ಈ ಜಾಗ ಖಾಯಂ ಆಗಿ ವಾರಭವಿಷ್ಯಕ್ಕೆ ಎಂದು ಸಂಪಾದಕರು ಗಡುವು ಕೊಟ್ಟಿದ್ದರು. ಆಗಲೇ ನಾಲ್ಕೂವರೆ. ಕೆಫೆ ಬಾಗಿಲು ಹಾಕಿತ್ತು. ಗೌಡರನ್ನು ಕೂಗಿ ಪಾಸ್‌ವರ್ಡ್ ಕೇಳಿದೆ.

‘ಒಸಮನೆ, ಒನ್ ಟೂ ತ್ರೀ ಕಣ್ ಸಾ!’ ಮಹಡಿಯಿಂದಲೇ ಉತ್ತರ ಬಂತು. (ಅದು ಅವರ ಮನೆತನದ ಹೆಸರು.)

ಇಂಗ್ಲಿಷ್ ಅಕ್ಷರದಲ್ಲಿ ಹಾಗೇ ಹೊಡೆದೆ. ತಪ್ಪು ಎಂದಿತು. ಮತ್ತೆ ಹೊಡೆದೆ. ತಪ್ಪು. ಡ್ರೈವರನ್ನು ತೆಗೆದು ಮತ್ತೆ ಹಾಕಿದೆ. ಕಾರ್ಡ್ ಮಾಡಿದವನನ್ನು ಬಾಯಿಗೆ ಬಂದಂತೆ ಬೈದೆ. ಐದಕ್ಕೆ ಏಳು ನಿಮಿಷ. ಅಳುವುದೊಂದು ಬಾಕಿ.

ನನ್ನ ಬೈಗುಳ ಕೇಳಿ ಗೌಡರೇ ಇಳಿದು ಬಂದರು. ಪರದೆ ನೋಡಿ, ‘ಮೊದ್ಲು ಎಚ್ ಎಲ್ಲಿ ಸಾ?’ ಎಂದರು.

‘ನೀವು ಅನ್ಲೇ ಇಲ್ವಲ್ಲ ಗೌಡ್ರೇ!’

‘ಏಳೋದು ಅಂಗೆ, ಬರಿಯೋದು ಇಂಗೆ. ಪೇಪರ್‌ನಾಗೆ ಬರಿಯೋರು ನೀವು, ಗೊತ್ತಾಗ್ಲಿಲ್ವಾ?’

ಹೇಗೆ ಗೊತ್ತಾಗಬೇಕು? ಹಕಾರ ನುಂಗುವವರನ್ನು ಇದೇ ಅಂಕಣದಲ್ಲಿ ತರಾಟೆಗೆ ತೆಗೆದುಕೊಂಡಿದ್ದೆ, ನಿಜ. ಆದರೆ ನಾನು ಹುಟ್ಟಿ ಬೆಳೆದದ್ದೂ ಗೌಡರ ಸೀಮೆಯಲ್ಲೇ, ಹೊಳೆನರಸೀಪುರದಲ್ಲಿ. ‘ಒಸಮನೆ’ಯಲ್ಲಿ ಏನೋ ಕಡಿಮೆಯಿದೆ ಎಂದು ನನ್ನ ಕಿವಿಗೆ ಅನ್ನಿಸಲೇ ಇಲ್ಲ. ನಾಚಿಕೆಯಾಯಿತು.

ಎಚ್ ಸೇರಿಸಿದೆ. ಸಲೀಸಾಗಿ ಒಳಗೆ ಬಿಟ್ಟಿತು. ಹೋದ ವಾರ ನೀವು ಓದಿದ ಅಂಕಣ ಹೋದದ್ದು ಐದಕ್ಕೆ ಎರಡು ನಿಮಿಷವಿದ್ದಾಗ. ಅಷ್ಟರಲ್ಲಿ ಸಂಪಾದಕರ ಫೋನ್: ‘ಹೊರಟಿತೇನ್ರೀ?’

‘ಒಂಟೋಯ್ತು ಸಾ!’ ಎಂದೆ, ಸಂಭ್ರಮದಲ್ಲಿ.

ಈ ಬಾಯಿಗೆ ಡ್ರೈವರ್ ಎಲ್ಲಿಂದ ಡೌನ್‌ಲೋಡ್ ಮಾಡಲಿ?