ಎಟಿಎಂ ವ್ಯಾನಿನ ದುರ್ಗಪ್ಪ ಮತ್ತು ಅವನ ಹೊಟ್ಟೆಕಿಚ್ಚು

ಕಾರವಾರದ ಆ ಏಜೆನ್ಸಿಯ ಕಚೇರಿಯಲ್ಲಿ ಹದಿನೇಳು ವರ್ಷ ಬೆಳಗಿನ ಮೊದಲ ಪ್ರಶ್ನೆ ಒಂದೇ ಆಗಿತ್ತು: "ದುರ್ಗಪ್ಪಣ್ಣ, ಇವತ್ತು ಯಾವ ಬದಿಗೆ?"

ಎಟಿಎಂಗಳಿಗೆ ಹಣ ತುಂಬಿ, ಠೇವಣಿ ಯಂತ್ರಗಳಲ್ಲಿ ಬಿದ್ದ ಹಣ ವಾಪಸ್ ತರುವ ವ್ಯಾನು ಅವರದು. ಬಂದರಿನ ಪಕ್ಕದ ಬೈತಖೋಲದ ಮೀನುಗಾರರ ಮನೆಯ ದುರ್ಗಪ್ಪ ಹೆಸರಿಗೆ ಅದರ ಚಾಲಕ. ಆದರೆ ಅಂಕೋಲೆ ತಾಲೂಕಿನವರೆಗಿನ ಇಪ್ಪತ್ತೆರಡು ಯಂತ್ರಗಳಲ್ಲಿ ಇವತ್ತು ಯಾವುದಕ್ಕೆ ಹೋಗಬೇಕು, ಯಾವುದು ನಾಡಿದ್ದಿನವರೆಗೆ ತಡೆಯುತ್ತದೆ ಎಂದು ಹೇಳುವವನೂ ಅವನೇ. ಚಹಾ ಪೂರ್ತಿ ಕುಡಿದು, ಲೋಟ ಕೆಳಗಿಟ್ಟ ಮೇಲೆಯೇ ಉತ್ತರ ಬರುತ್ತಿತ್ತು. ಕೈಗಾ ಅಣುಸ್ಥಾವರದವರಿಗೆ ಸಂಬಳವಾದ ಮರುದಿನ ಮಲ್ಲಾಪುರ ಮೊದಲು. ಅರ್ಗಾದ ನೌಕಾನೆಲೆಯಲ್ಲಿ ಹಡಗು ಬಂದು ನಿಂತಿದ್ದರೆ ಅರ್ಗಾ ಮೊದಲು. ಇದ್ಯಾವುದನ್ನೂ ಅವನು ಬರೆದಿಟ್ಟವನಲ್ಲ. "ದಾರಿ ಬರ್ದಿಟ್ರೆ ಕಳ್ಳಂಗೆ ಕರೆಯೋಲೆ ಕೊಟ್ಟ ಹಾಂಗೆ" ಎನ್ನುತ್ತಿದ್ದ.

ಮೇ ತಿಂಗಳಲ್ಲಿ ಯಶೋದಾ ಬಂದಳು. ಅವರ್ಸಾದ ರೈತರ ಮನೆಯವಳು, ಮೂವತ್ತರ ಒಳಗಿನ ವಯಸ್ಸು, ಹುಬ್ಬಳ್ಳಿಯ ಶಾಖೆಯಲ್ಲಿ ಕೆಲಸ ಕಲಿತವಳು. ಯಾವ ಯಂತ್ರದಿಂದ ದಿನಕ್ಕೆ ಎಷ್ಟು ಹಣ ಹೋಗುತ್ತದೆ ಎಂಬುದನ್ನು ಕಂಪ್ಯೂಟರಿಗೆ ಕೊಟ್ಟು ಅದರಿಂದ ದಿನದ ದಾರಿ ತೆಗೆಯುತ್ತಿದ್ದಳು. ದುರ್ಗಪ್ಪ ಹತ್ತಿರದ ಯಂತ್ರದಿಂದ ಶುರು ಮಾಡಿ ದೂರಕ್ಕೆ ಹೋಗುವವನು. ಅವಳು ಬೆಳಿಗ್ಗೆಯೇ ವ್ಯಾನನ್ನು ಎಲ್ಲಕ್ಕಿಂತ ದೂರದ, ಘಟ್ಟದ ಬುಡದ ಸುಂಕಸಾಳಕ್ಕೆ ಓಡಿಸಿದಳು. ಘಟ್ಟದ ಲಾರಿಗಳು ಇಳಿಯುವ ಮೊದಲೇ ಅಲ್ಲಿಯದು ಮುಗಿದು, ಉಳಿದ ಯಂತ್ರಗಳು ಮರಳುವ ದಾರಿಯಲ್ಲೇ ಸಿಗುತ್ತಿದ್ದವು. ದಿನಕ್ಕೆ ನಲವತ್ತು ಕಿಲೋಮೀಟರು ಉಳಿಯಿತು.

ಎಲ್ಲರಿಗೂ ಖುಷಿಯಾಯಿತು, ಅದೇ ಅವನ ಸಂಕಟ. ಬಂದೂಕು ಹಿಡಿದು ಪಕ್ಕದಲ್ಲಿ ಕೂರುವ ಮಂಗೇಶ, "ಈಗ ಊಟ ಬಿಸಿ ಇರ್ತದೆ ಮಾರಾಯಾ" ಅಂದ. ಮನೆಯಲ್ಲಿ ಹೆಂಡತಿ ಹೀರಾಳೂ ಅದನ್ನೇ ಅಂದಳು.

"ಆ ಹುಡುಗಿ ಬಂದ ಮೇಲೆ ನೀವು ಎರಡಕ್ಕೇ ಮನೆಗೆ ಬತ್ರಿ. ಒಂದು ದಿವ್ಸ ಕರ್ಕೊಂಡು ಬನ್ನಿ, ಬಂಗಡೆ ಹುರ್ದು ಹಾಕ್ತೆ."

"ನಂಗೆ ಹುರ್ದದ್ದು ಸಾಕು" ಎಂದ ದುರ್ಗಪ್ಪ.

ಅವಳಲ್ಲಿ ತಪ್ಪು ಹುಡುಕಲು ಅವನು ಬಹಳ ಕಷ್ಟಪಟ್ಟ. ಬಿಣಗಾದಲ್ಲಿ ರಸ್ತೆ ಅಗೆದ ದಿನ ಅವಳ ದಾರಿ ಕೆಡುತ್ತದೆಂದು ಕಾದ. ಅವಳಿಗೆ ಮೊದಲೇ ಗೊತ್ತಿತ್ತು. ಅದಕ್ಕಿಂತ ಹೆಚ್ಚಾಗಿ ಉರಿಸಿದ್ದು ಅವಳ ಸೋಮವಾರದ ಪ್ರಶ್ನೆ. ವಾರದ ಪಟ್ಟಿಯ ಕೊನೆಯಲ್ಲಿ ಒಂದು ಅಂಕಣಕ್ಕೆ 'ದುರ್ಗಪ್ಪಣ್ಣ' ಎಂದು ಹೆಸರಿಟ್ಟಿದ್ದಳು. ಅದರಲ್ಲಿ ಅವನು ಏನು ಬರೆಸಿದರೂ ಕಂಪ್ಯೂಟರಿನ ಲೆಕ್ಕ ಬಿಟ್ಟು ಅದನ್ನೇ ನಡೆಸುವುದಾಗಿ ಹೇಳಿದ್ದಳು.

"ದುರ್ಗಪ್ಪಣ್ಣ, ಈ ವಾರ ಎಂತಾದ್ರೂ ವಿಶೇಷ ಅದ್ಯಾ?"

"ನಿಮ್ ಕಂಪ್ಯೂಟರಿಗೆ ಗೊತ್ತಿಲ್ದೇ ಇದ್ದದ್ದು ನಂಗೆ ಎಂತಾ ಗೊತ್ತಿರ್ತದೆ ಮೇಡಂ?"

ಅವಳು 'ಏನೂ ಇಲ್ಲ' ಎಂದು ಬರೆದುಕೊಳ್ಳುತ್ತಿದ್ದಳು.

ಆಗಸ್ಟಿನ ಆ ಸೋಮವಾರವೂ ಹಾಗೇ ಬರೆದುಕೊಂಡಳು. ಶುಕ್ರವಾರ ನೂಲ ಹುಣ್ಣಿಮೆ. ಬೈತಖೋಲದವರು ಅಂದು ಸಮುದ್ರಕ್ಕೆ ತೆಂಗಿನಕಾಯಿ ಬಿಟ್ಟು ದೋಣಿ ಇಳಿಸುತ್ತಾರೆ. ಹಿಂದಿನ ದಿನ ದೋಣಿಯ ಯಜಮಾನರು ಕೆಲಸದವರ ಖಾತೆಗೆಲ್ಲ ಮುಂಗಡ ಹಾಕುತ್ತಾರೆ. ಮನೆಯವರ ಕೈಗೆ ಖರ್ಚಿನ ದುಡ್ಡು ಕೊಡದೆ ಯಾರೂ ದೋಣಿ ಹತ್ತುವುದಿಲ್ಲ. ಹಾಗಾಗಿ ಬಂದರಿನ ಯಂತ್ರಕ್ಕೆ ಗುರುವಾರ ಬೆಳಿಗ್ಗೆ ಹಣ ತುಂಬಲೇಬೇಕು. ಯಶೋದಾಳ ಕಂಪ್ಯೂಟರಿನಲ್ಲಿ ಇದ್ದದ್ದು ಜನವರಿಯಿಂದ ಈಚಿನ ಅಂಕಿಗಳು. ಮೀನುಗಾರಿಕೆ ನಿಂತಿದ್ದ ಜೂನ್, ಜುಲೈಯಲ್ಲಿ ಆ ಯಂತ್ರದತ್ತ ಯಾರೂ ಸುಳಿದಿರಲಿಲ್ಲ. ಅವಳು ಅದಕ್ಕೆ ಶನಿವಾರ ಇಟ್ಟಿದ್ದಳು.

ಗುರುವಾರ ದುರ್ಗಪ್ಪ ಬಂದರಿನ ತಿರುವು ದಾಟಿ ವ್ಯಾನನ್ನು ನೇರ ಅಂಕೋಲೆಗೆ ಓಡಿಸಿದ. ಮಂಗೇಶ ಅವನ ಮುಖ ನೋಡಿದ. ದುರ್ಗಪ್ಪ ಸಿಳ್ಳೆ ಹಾಕುತ್ತಿದ್ದ.

ಹನ್ನೊಂದಕ್ಕೆ ಬಂದರಿನ ಯಂತ್ರ ಖಾಲಿಯಾಯಿತು. ಎರಡಕ್ಕೆ ಮನೆಗೆ ಬಂದಾಗ ಹೀರಾ ಬಾಗಿಲಲ್ಲೇ ನಿಂತಿದ್ದಳು. ದೋಣಿಗೆ ಹೋಗುವ ಅವಳ ತಮ್ಮ ಕಿಶನ ಮೂರು ತಾಸು ಸಾಲಿನಲ್ಲಿ ನಿಂತು ಬರಿಗೈಲಿ ಬಂದಿದ್ದ.

"ಆ ಹುಡುಗಿಗೆ ನೀವು ಹೇಳ್ಲಿಲ್ವಾ?"

"ಅವ್ಳು ಕಲ್ತವ್ಳು. ನಾ ಎಂತಾ ಹೇಳೂದು?"

ಹೀರಾ ಅನ್ನ ಬಡಿಸಿದಳು, ಸಾರು ಹಾಕಲಿಲ್ಲ.

ನಾಲ್ಕಕ್ಕೆ ಕಚೇರಿಗೆ ಬರುವಂತೆ ಕರೆ ಬಂತು. ಬ್ಯಾಂಕು ದಂಡ ಹಾಕಿತ್ತು. ಮ್ಯಾನೇಜರ್ ಶಿವಾನಂದ ಎದ್ದು ನಿಂತೇ ಕೂಗಾಡುತ್ತಿದ್ದ.

"ಬಂದರಿನ ಊರಲ್ಲಿ ಹುಣ್ಣಿಮೆ ಗೊತ್ತಿಲ್ಲ ಅಂದ್ರೆ ಹೆಂಗೆ? ದುರ್ಗಪ್ಪಾ, ನಾಳೆಯಿಂದ ದಾರಿ ನೀನೇ ಹೇಳು, ಮೊದ್ಲಿನ ಹಾಂಗೆ. ಇವ್ಳು ಹುಬ್ಬಳ್ಳಿಗೆ ವಾಪಸ್ ಹೋಗ್ಲಿ."

ಮೂರು ತಿಂಗಳಿಂದ ಅವನು ಬಯಸಿದ್ದು ಅದೇ ಮಾತು. ಯಶೋದಾ ಮೇಜಿನ ಮೇಲೆ ಕೈ ಊರಿ ನಿಂತಿದ್ದಳು. ಕೈಯ ಕೆಳಗೆ ವಾರದ ಪಟ್ಟಿ. ಅವನ ಹೆಸರಿನ ಅಂಕಣ, ಅದರಲ್ಲಿ 'ಏನೂ ಇಲ್ಲ'. ಅದನ್ನು ತಿರುಗಿಸಿ ತೋರಿಸಿದ್ದರೆ ಅವಳು ಉಳಿಯುತ್ತಿದ್ದಳು. ತೋರಿಸಲಿಲ್ಲ. ತೋರಿಸಿದ್ದರೆ ದುರ್ಗಪ್ಪನಿಗೆ ಜಗಳಕ್ಕೆ ಬಾಯಾದರೂ ಬರುತ್ತಿತ್ತು. ಅವಳು "ತಪ್ಪಾತು ಸರ್" ಅಂದಳು, ಅಷ್ಟೇ.

ಅವನ ಹೊಟ್ಟೆಯೊಳಗಿನ ಉರಿ ಆಗ ಗಂಟಲಿಗೇ ಬಂತು. ದಾರಿ ಅವಳದು, ಹೊಗಳಿಕೆ ಅವಳದು, ಮಾನ ಮುಚ್ಚುವ ದೊಡ್ಡತನವೂ ಅವಳದೇ ಆಗಬೇಕೆ?

"ಅವ್ಳು ಕೇಳಿದ್ಳು" ಎಂದ. "ಸೋಮವಾರ ಕೇಳಿದ್ಳು. ನಾನೇ ಬೇಕಂತ ಹೇಳ್ಲಿಲ್ಲ."

ಶಿವಾನಂದ ಕುರ್ಚಿಯಲ್ಲಿ ಕೂತ. ದುರ್ಗಪ್ಪನ ಹೆಸರಿಗೆ ಎಚ್ಚರಿಕೆಯ ಪತ್ರ ಟೈಪಾಯಿತು. ಅವನು ಓದದೆ ಸಹಿ ಹಾಕಿದ. ಯಶೋದಾ ಹುಬ್ಬಳ್ಳಿಗೆ ಹೋಗುವ ಮಾತು ಮತ್ತೆ ಬರಲಿಲ್ಲ. ಕತ್ತಲಾಗುವ ಮೊದಲು ವ್ಯಾನು ಬಂದರಿಗೆ ಹೋಗಿಬಂತು.

ಮರುದಿನ ಅವಳು ಪೆನ್ನು ಹಿಡಿದು ಅವನೆದುರು ಕೂತಳು. ದುರ್ಗಪ್ಪ ಹೇಳಿದ: ಕೈಗಾ, ಅರ್ಗಾ, ರವಿವಾರದ ಸಂತೆ, ಅವರ್ಸಾದ ಗದ್ದೆ ಕೊಯ್ಲು. ಅವಳು ಬೇಗ ಬೇಗ ಬರೆಯುತ್ತಿದ್ದಳು. ಹದಿನೇಳು ವರ್ಷ ಎರಡು ಪುಟಕ್ಕೂ ಬರಲಾರದೇನೋ ಎಂದು ಅವನಿಗೆ ದಿಗಿಲಾಯಿತು.

"ಇನ್ನೆಂತಾ ಅದೆ ದುರ್ಗಪ್ಪಣ್ಣ?"

ಇನ್ನೂ ನಾಲ್ಕೈದು ಸಂಗತಿಗಳಿದ್ದವು. ಅವನು ವ್ಯಾನಿನ ಕೀಲಿ ಎತ್ತಿಕೊಂಡು ಎದ್ದ.

"ಅದೆ. ನಾಳೆ ಕೇಳು."